ಕದ ತಟ್ಟಿದವರು

ಸಭ್ಯರ ಸಮಕ್ಷಮದಲ್ಲಿ ಹೇಳಿಕೊಳ್ಳಲು ಸಂಕೋಚವಾಗುವ ಚಪಲವೊಂದು ಪ್ರತಿಯೊಬ್ಬನಿಗೂ ಇರುವುದುಂಟು. ನನ್ನದು ದೆವ್ವದ ಸಿನಿಮಾ. ಮನೆಯವರೆಲ್ಲ ಮಲಗಿ, ಬೀದಿಯ ನಾಯಿಗಳೂ ಬೊಗಳಿ ದಣಿದು ಸುಮ್ಮನಾದ ಮೇಲೆ, ದೀಪವಾರಿಸಿ, ಕಂಬಳಿಯನ್ನು ಮೂಗಿನವರೆಗೆ ಎಳೆದುಕೊಂಡು, ಒಂದು ತಟ್ಟೆ ಹುರಿಗಡಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಹೆದರುವುದಕ್ಕೆಂದೇ ಸಾವಧಾನವಾಗಿ ಕುಳಿತುಕೊಳ್ಳುವುದರ ಸುಖವನ್ನು ಅನುಭವಿಸಿದವನೇ ಬಲ್ಲ. ಕಡಲೆಯನ್ನು ಮೊದಲ ಹತ್ತು ನಿಮಿಷಗಳಲ್ಲಿಯೇ ತಿಂದು ಮುಗಿಸತಕ್ಕದ್ದು. ಆಮೇಲೆ ಅಗಿಯುವ ಸದ್ದಿಗೆ ನಾವೇ ಬೆಚ್ಚುತ್ತೇವೆ. ಚಿತ್ರ ಮುಗಿದ ಮೇಲೆ ಹಿತ್ತಿಲಿಗೆ ಹೋಗಬೇಕಾದ ಪ್ರಸಂಗ ಒದಗಿದರೆ ಹೆಂಡತಿಯನ್ನು ಎಬ್ಬಿಸುತ್ತೇನೆ. "ನಿಮಗೆ ಐವತ್ತು ದಾಟಿತು, ಈ ಹುಚ್ಚು ಮಾತ್ರ ದಾಟಲಿಲ್ಲ" ಎಂದು ಗೊಣಗುತ್ತಲೇ ಆಕೆ ದೀಪ ಹಾಕುತ್ತಾಳೆ.

ಭರತಮುನಿಯು ಎಣಿಸಿದ ಎಂಟು ರಸಗಳಲ್ಲಿ ಭಯಾನಕವೂ ಒಂದೆಂಬ ಶಾಸ್ತ್ರಾಧಾರವನ್ನು ಅವಳ ಮುಂದೊಡ್ಡಿದ್ದೆ, ಫಲಿಸಲಿಲ್ಲ. ಆದರೂ ಆ ಶಾಸ್ತ್ರದಲ್ಲಿ ನನ್ನ ಚಪಲಕ್ಕೊಂದು ಬೀಗದ ಕೈ ಇದೆ. ಭಯಾನಕಕ್ಕೆ ಉದಾಹರಣೆ ಬೇಕಾದಾಗ ಅದರ ವ್ಯಾಖ್ಯಾನಕಾರನಾದ ಅಭಿನವಗುಪ್ತನು ಎತ್ತಿಕೊಂಡದ್ದು ಪಿಶಾಚವನ್ನಲ್ಲ, ಶ್ಮಶಾನವನ್ನೂ ಅಲ್ಲ. ಶಾಕುಂತಲದ ಮೊದಲಿನಲ್ಲಿ, ಕತ್ತನ್ನು ಕೊಂಕಿಸಿ ಹಿಂದಿರುಗಿ ನೋಡುತ್ತ, ಅರೆ ಅಗಿದ ದರ್ಭೆಯನ್ನು ದಾರಿಯುದ್ದಕ್ಕೂ ಚೆಲ್ಲುತ್ತ ಓಡುವ ಜಿಂಕೆಯನ್ನು. ಅಟ್ಟಿ ಬರುತ್ತಿರುವವನು ರಾಕ್ಷಸನೇನು? ಅಲ್ಲ, ಪ್ರಜಾರಕ್ಷಣೆಗೆಂದು ಬಿಲ್ಲು ಹಿಡಿದ ದುಷ್ಯಂತ ಮಹಾರಾಜ. ಆರ್ತರನ್ನು ಕಾಯಬೇಕಾದ ಆಯುಧವನ್ನು ನಿರಪರಾಧಿಯ ಮೇಲೆತ್ತಬೇಡವೆಂದು ತಾಪಸನೊಬ್ಬನು ಅಡ್ಡಬಂದದ್ದರಿಂದ ಜಿಂಕೆ ಉಳಿಯಿತು. ತಾಪಸನು ಬಾರದ ಕಥೆಗಳೂ ಇವೆ.

ಅವುಗಳಲ್ಲಿ ನನಗೆ ಹಿರಿಯದು 1968ರ ‘ನೈಟ್ ಆಫ್ ದಿ ಲಿವಿಂಗ್ ಡೆಡ್’. ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ಜಾಹೀರಾತಿನ ಚಿತ್ರಗಳನ್ನು ತೆಗೆಯುತ್ತಿದ್ದ ಜಾರ್ಜ್ ರೊಮೆರೊ ಎಂಬ ತರುಣನು ಗೆಳೆಯರೊಡಗೂಡಿ, ಸುಮಾರು 1,14,000 ಡಾಲರುಗಳ ಅಲ್ಪ ಬಂಡವಾಳದಲ್ಲಿ, ಕಪ್ಪುಬಿಳುಪಿನಲ್ಲಿ ಅದನ್ನು ಮುಗಿಸಿದನು. ರಕ್ತವೆಂದು ಸುರಿಸಿದ್ದು ಚಾಕೊಲೇಟಿನ ಪಾಕ. ಹಂಚಿಕೆದಾರರು ಚಿತ್ರದ ಹೆಸರನ್ನು ಬದಲಿಸಿದಾಗ ಹಳೆಯ ಹೆಸರಿನೊಡನೆ ಹಕ್ಕುಸ್ವಾಮ್ಯದ ಸೂಚನೆಯೂ ಕಳಚಿಹೋಗಿ, ಅಂದಿನ ಕಾನೂನಿನಂತೆ ಅದು ಯಾರ ಸೊತ್ತೂ ಅಲ್ಲದೆ ಎಲ್ಲರ ಸೊತ್ತಾಯಿತು. ಮಾಡಿದವರಿಗೆ ನಷ್ಟ, ನನ್ನಂತಹ ಜಿಪುಣ ರಸಿಕನಿಗೆ ಪರಮಲಾಭ. ಸತ್ತವರು ಎದ್ದು ನಡೆಯಲಾರಂಭಿಸಿ ಒಂಟಿ ತೋಟದ ಮನೆಯೊಂದನ್ನು ಮುತ್ತುತ್ತಾರೆ. ಒಳಗೆ ಸಿಕ್ಕಿಬಿದ್ದ ಏಳು ಜನರಲ್ಲಿ ಬೆನ್ ಎಂಬವನು ಮಾತ್ರ ಧೃತಿಗೆಡದೆ, ಮೇಜನ್ನು ಮುರಿದು, ಒಳಬಾಗಿಲನ್ನು ಕಿತ್ತು, ಹಲಗೆ ಹಲಗೆಯಾಗಿ ಕಿಟಕಿಗಳಿಗೆ ಮೊಳೆ ಹೊಡೆಯುತ್ತಾನೆ. ಆ ಮೊಳೆ ಹೊಡೆಯುವ ದೃಶ್ಯವನ್ನು ಎಷ್ಟು ಸಲ ನೋಡಿದರೂ ನನಗೆ ತಣಿವಿಲ್ಲ. ಲೋಕ ಮುಳುಗುತ್ತಿರುವಾಗ ಒಬ್ಬ ಮನುಷ್ಯನು ಅಳತೆ ನೋಡಿ ಹಲಗೆ ಆರಿಸುವುದರಲ್ಲಿ ಏನೋ ಒಂದು ಘನತೆಯಿದೆ.

ಬೆನ್ನನಾಗಿ ನಟಿಸಿದ ಡ್ವೇನ್ ಜೋನ್ಸ್ ಕಪ್ಪು ಜನಾಂಗದವನು. ಚಿತ್ರದಲ್ಲಿ ಅವನ ಬಣ್ಣದ ವಿಷಯವಾಗಿ ಯಾರೂ ಒಂದು ಮಾತನ್ನೂ ಆಡುವುದಿಲ್ಲ. ಬಂದವರಲ್ಲೆಲ್ಲ ಅವನೇ ಚೆನ್ನಾಗಿ ಅಭಿನಯಿಸಿ ತೋರಿಸಿದನಾದ್ದರಿಂದ ಅವನನ್ನು ಆರಿಸಿದೆವೆಂದು ರೊಮೆರೊ ಹೇಳುತ್ತಿದ್ದನು. ರಾತ್ರಿ ಕಳೆದು ಉಳಿದವನು ಬೆನ್ ಒಬ್ಬನೇ. ಬೆಳಗಾಗುತ್ತದೆ, ಹೊರಗೆ ನಾಯಿಗಳ ಬೊಗಳು, ಬಂದೂಕಿನ ಶಬ್ದ, ಮನುಷ್ಯರ ಮಾತು. ಸದ್ಯ, ಬದುಕಿದನೆಂದು ನಾವು ಉಸಿರು ಬಿಡುವಷ್ಟರಲ್ಲಿ, ಕಿಟಕಿಯಲ್ಲಿ ಕಂಡ ಅವನನ್ನು ಎದ್ದ ಹೆಣವೆಂದೇ ಬಗೆದು, ರಕ್ಷಿಸಲು ಬಂದವರಲ್ಲೊಬ್ಬನು ಗುರಿಯಿಟ್ಟು ಕೆಡಹುತ್ತಾನೆ. ಅನಂತರ ಬರುವುವು ಪತ್ರಿಕೆಯಲ್ಲಿ ಅಚ್ಚಾದಂತಹ ಮಾಸಲು ನಿಶ್ಚಲಚಿತ್ರಗಳು: ಕೊಂಡಿಗಳು, ಹೆಣ, ಬೆಂಕಿ. ಮುಗಿಸಿದ ಸುರುಳಿಯನ್ನು ಕಾರಿನಲ್ಲಿಟ್ಟುಕೊಂಡು ನ್ಯೂಯಾರ್ಕಿಗೆ ಹೋಗುತ್ತಿದ್ದಾಗಲೇ ಮಾರ್ಟಿನ್ ಲೂಥರ್ ಕಿಂಗರ ಹತ್ಯೆಯ ವಾರ್ತೆಯನ್ನು ರೊಮೆರೊ ರೇಡಿಯೋದಲ್ಲಿ ಕೇಳಿದನಂತೆ. ಮಾಡಿದವನು ಇಡದ ಅರ್ಥವನ್ನು ಕಾಲವೇ ತಂದು ಒಳಗಿಟ್ಟಿತು.

ಅರ್ಧ ಶತಮಾನದ ತರುವಾಯ, 2017ರಲ್ಲಿ, ಜೋರ್ಡನ್ ಪೀಲನ ‘ಗೆಟ್ ಔಟ್’ ಬಂದಾಗ ಅರ್ಥವು ಯದೃಚ್ಛೆಯಿಂದ ಬಂದುದಾಗಿರಲಿಲ್ಲ. ಪ್ರಿಯತಮೆಯ ಬಿಳಿಯ ತಂದೆತಾಯಿಗಳ ಮನೆಗೆ ಹೋದ ಕಪ್ಪು ತರುಣನನ್ನು ಅಲ್ಲಿ ಹೀಗಳೆಯುವವರಿಲ್ಲ, ಸ್ತುತಿಸುವವರೇ ಎಲ್ಲರೂ. ಅತ್ತೆಯಾಗಬೇಕಾದವಳು ಚಹದ ಬಟ್ಟಲಿನಲ್ಲಿ ಚಮಚ ತಿರುಗಿಸುವ ಸದ್ದಿನಿಂದಲೇ ಅವನನ್ನು ಪಾತಾಳಕ್ಕಿಳಿಸುತ್ತಾಳೆ. ಆ ವಾರವೆಲ್ಲ ನಮ್ಮ ಮನೆಯಲ್ಲಿ ಕಾಫಿಗೆ ಸಕ್ಕರೆ ಬೆರೆಸುವ ಸದ್ದೂ ನನಗೆ ಸಹ್ಯವಾಗಲಿಲ್ಲ. ಕೊನೆಯಲ್ಲಿ ಪೊಲೀಸು ಗಾಡಿಯದೆಂದು ತೋರುವ ದೀಪ ಮಿನುಗುತ್ತದೆ. ಬೇರೆ ಯಾವ ಚಿತ್ರದಲ್ಲಾದರೂ ಬಿಡುಗಡೆಯ ಸಂಕೇತವಾಗುವ ಆ ಬೆಳಕಿಗೆ ಇಲ್ಲಿ ಎದೆ ಝಲ್ಲೆನ್ನುತ್ತದೆ. ಇಳಿದವನು, ಪುಣ್ಯಕ್ಕೆ, ಗೆಳೆಯ. ನಾಯಕನು ಸೆರೆಮನೆ ಸೇರುವ ಮತ್ತೊಂದು ಮುಕ್ತಾಯವನ್ನೂ ಪೀಲನು ಚಿತ್ರೀಕರಿಸಿದ್ದನು. ಅದನ್ನು ಕೈಬಿಟ್ಟದ್ದೇ ಮೇಲಾಯಿತು, ಏಕೆಂದರೆ ಗೆಳೆಯನು ಇಳಿಯುವ ಮುನ್ನಿನ ನಾಲ್ಕು ಕ್ಷಣಗಳಲ್ಲಿ ಆ ಮುಕ್ತಾಯವನ್ನು ಪ್ರೇಕ್ಷಕನು ತಾನೇ ರಚಿಸಿಕೊಂಡು ಬೆವತಿರುತ್ತಾನೆ.

ಆದರೆ ನಾನು ಹೆಚ್ಚು ಮೆಲುಕು ಹಾಕುವುದು ಬಾಬಕ್ ಅನ್ವಾರಿಯು 2016ರಲ್ಲಿ ಪಾರಸಿ ಭಾಷೆಯಲ್ಲಿ ತೆಗೆದ ‘ಅಂಡರ್ ದಿ ಶ್ಯಾಡೋ’ವನ್ನು. ಇರಾಕಿನೊಡನೆ ಯುದ್ಧ ನಡೆಯುತ್ತಿದ್ದ ಕಾಲದ ತೆಹರಾನ್. ಹಿಂದೆ ರಾಜಕೀಯದಲ್ಲಿ ತೊಡಗಿದ್ದಳೆಂಬ ಕಾರಣಕ್ಕೆ ವೈದ್ಯಶಿಕ್ಷಣದ ಬಾಗಿಲು ಮುಚ್ಚಲ್ಪಟ್ಟ ಶೀದೆ ಎಂಬಾಕೆ, ವೈದ್ಯನಾದ ಗಂಡನು ರಣರಂಗದತ್ತ ಹೋದ ಮೇಲೆ, ಪುಟ್ಟ ಮಗಳೊಡನೆ ಮನೆಯಲ್ಲಿ ಉಳಿಯುತ್ತಾಳೆ. ಮೇಲಂತಸ್ತಿನೊಳಕ್ಕೆ ಕ್ಷಿಪಣಿಯೊಂದು ಬಿದ್ದು ಸಿಡಿಯದೆ ಕುಳಿತುಕೊಳ್ಳುತ್ತದೆ. ಅದರೊಡನೆ ಜಿನ್ನವೂ ಬಂದಿತೆಂದು ನೆರೆಯವರು ಪಿಸುಗುಟ್ಟುತ್ತಾರೆ. ಆ ಜಿನ್ನಕ್ಕೆ ಮುಖವಿಲ್ಲ, ಕೋರೆಹಲ್ಲಿಲ್ಲ. ಒಳಗೆ ಹೆಂಗಸಿಲ್ಲದೆ ತಾನೇ ಹಾರಾಡುವ ಒಂದು ಚಾದರ, ಅಷ್ಟೆ. ಒಂದು ರಾತ್ರಿ ತಡೆಯಲಾರದೆ ಮಗುವನ್ನೆತ್ತಿಕೊಂಡು ಬರಿಗಾಲಲ್ಲಿ ಬೀದಿಗೆ ಓಡಿದವಳನ್ನು ಗಸ್ತಿನವರು ಹಿಡಿಯುತ್ತಾರೆ. ಏನಾಯಿತು ತಾಯಿ ಎಂದು ಯಾರೂ ಕೇಳುವುದಿಲ್ಲ. ತಲೆಯ ಮೇಲೆ ಸೆರಗಿಲ್ಲದಿರುವುದೇ ಅಪರಾಧವಾಗಿ, ಛೀಮಾರಿ ಹಾಕಿ, ಚಾದರವೊಂದನ್ನು ಹೊದಿಸಿ ಮನೆಗೆ ಕಳುಹಿಸುತ್ತಾರೆ. ಮನೆಯಲ್ಲಿ ಜಿನ್ನ. ಬೀದಿಯಲ್ಲಿ ಇವರು. ಅವಳು ಹೊಸ್ತಿಲ ಯಾವ ಬದಿಯಲ್ಲಿ ನಿಲ್ಲಬೇಕು?

ಸಮಸ್ಯೆಯನ್ನು ಹೇಳಿಯೇ ತೀರುವೆನೆಂದು ಹೊರಟ ದೆವ್ವಗಳೂ ಈಚೆಗೆ ಬಹಳವಾಗಿವೆ. ಅವು ಕಾಣಿಸಿಕೊಂಡೊಡನೆ ಉಪನ್ಯಾಸಕ್ಕೆ ನಿಲ್ಲುತ್ತವೆ, ನನಗೆ ನಿದ್ರೆ ಬರುತ್ತದೆ. 2018ರ ಹಿಂದಿಯ ‘ಸ್ತ್ರೀ’ ಅಷ್ಟು ಶುಷ್ಕವಲ್ಲ. ಕತ್ತಲಾದ ಮೇಲೆ ಚಂದೇರಿಯ ಗಂಡಸರು ಹೊರಗೆ ಕಾಲಿಡಲು ನಡುಗುವುದನ್ನು ಕಂಡು ಮನಸಾರೆ ನಕ್ಕೆ. ಆದರೆ ದೆವ್ವಕ್ಕೆ ನಾಳೆ ಬಾರೆಂದು ಹೇಳುವ ಗೋಡೆಬರಹ ತೆರೆಯ ಮೇಲೆ ಬಂದಾಗ ನಗು ನಿಂತಿತು. ಅದು ನಮ್ಮದು.

ತೊಂಬತ್ತರ ದಶಕದಲ್ಲಿ, ರಾತ್ರಿಯ ಹೊತ್ತು ಪರಿಚಿತರ ದನಿಯಲ್ಲಿ ಕರೆದು ಕದ ತಟ್ಟುವ ಹೆಣ್ಣು ದೆವ್ವವೊಂದರ ಸುದ್ದಿ ಬೆಂಗಳೂರಿನಲ್ಲಿಯೂ ಆಸುಪಾಸಿನ ಊರುಗಳಲ್ಲಿಯೂ ಹಬ್ಬಿ, ಬಾಗಿಲು ಬಾಗಿಲಿಗೂ ‘ನಾಳೆ ಬಾ’ ಎಂಬ ಬರಹ ಬಿದ್ದಿತ್ತು. ದೆವ್ವ ಅಕ್ಷರಸ್ಥೆ, ಮೇಲಾಗಿ ಮಾತಿಗೆ ತಪ್ಪದವಳು. ಓದಿ ಹಿಂದಿರುಗುವಳೆಂದು ನಂಬಿಕೆ. ನಾನಾಗ ಕಾಲೇಜಿನಲ್ಲಿ ಓದುತ್ತಿದ್ದೆ. ನನ್ನ ಅಕ್ಷರ ದುಂಡಗಿದೆಯೆಂದು ವಠಾರದ ಬಾಗಿಲುಗಳಿಗೆಲ್ಲ ನನ್ನಿಂದಲೇ ಬರೆಸಿದರು. ಕೊನೆಯ ಮನೆಯಾಕೆ ಒಂದು ಲೋಟ ಮಜ್ಜಿಗೆಯನ್ನೂ ಕೊಟ್ಟಳು. ಅದಾದ ಎಷ್ಟೋ ದಿನಗಳ ಮೇಲೆ ಒಂದು ನಡುರಾತ್ರಿ ನಮ್ಮ ಕದ ಸದ್ದಾಯಿತು. "ಅಕ್ಕಾ, ಅಕ್ಕಾ" ಎಂದು ಅಮ್ಮನನ್ನು ಕರೆಯುವ ಆಕೆಯದೇ ದನಿ. ಪರಿಚಿತ ದನಿ; ಪರಿಚಿತ ದನಿಯಲ್ಲಿಯೇ ಅಲ್ಲವೆ ಅದು ಕರೆಯುವುದು? ತಂದೆಯವರು ತುಟಿಯ ಮೇಲೆ ಬೆರಳಿಟ್ಟರು. ಎದ್ದು ಕುಳಿತಿದ್ದ ಅಮ್ಮ ಮತ್ತೆ ಮಲಗಿದಳು. ಆಮೇಲೆ ಪಕ್ಕದ ಕದ ತಟ್ಟಿದ ಸದ್ದು, ಅದರ ಪಕ್ಕದ್ದು, ಅದರಾಚೆಯದು, ಒಂದೂ ತೆರೆಯಲಿಲ್ಲ. ಆಕೆಯ ಗಂಡ ಕುಡಿದು ಬರುತ್ತಿದ್ದುದನ್ನು ತಿಳಿಯದವರು ವಠಾರದಲ್ಲಿ ಯಾರೂ ಇರಲಿಲ್ಲ.

ಬೆಳಗ್ಗೆ ನಲ್ಲಿಯ ಬಳಿ ಅಮ್ಮ ತನ್ನ ಸರದಿಯನ್ನು ಆಕೆಗೆ ಬಿಟ್ಟುಕೊಟ್ಟಳು. ಊದಿದ ಕಣ್ಣನ್ನು ಸೆರಗಿನಲ್ಲಿ ಮರೆಮಾಡಿಕೊಂಡು, ಕೊಡ ತುಂಬಿಕೊಂಡು, ಆಕೆ ಮಾತಿಲ್ಲದೆ ಹೋದಳು. ಆ ಸಂಜೆ ಎರಚಲು ಮಳೆಗೆ ನಮ್ಮ ಬಾಗಿಲಿನ ಅಕ್ಷರಗಳು ಅರ್ಧ ಅಳಿಸಿದುವು. ತಂದೆಯವರು ಕರೆದು ತೋರಿಸಿದರು. ಬಳಪ ತಂದು ತಿದ್ದಿದೆನು.