ಮೂರು ತುಂಬದ ಚಕ್ರವರ್ತಿ ಅತ್ತ ಜಾಗ

ಆಫೀಸ್ ಕೆಲಸದ ಮೇಲೆ ಬೀಜಿಂಗ್‌ಗೆ ಹೋದಾಗ ಒಂದು ದಿನ ಬಿಡುವು ಸಿಕ್ಕಿತು. ಸೀದಾ ‘ನಿಷೇಧಿತ ನಗರ’ದ ಅರಮನೆಗೆ ಹೊರಟೆ. ದೊಡ್ಡ ಬಾಗಿಲುಗಳನ್ನು ದಾಟಿದರೆ ಎದುರಿಗೆ ವಿಶಾಲ ಅಂಗಳ, ನೆರಳಿಗೆ ಒಂದು ಮರವೂ ಇಲ್ಲ. ಅದರಾಚೆ ಬಿಳಿ ಅಮೃತಶಿಲೆಯ ಮೂರು ಹಂತದ ಜಗಲಿ, ಮೇಲೆ ಹಳದಿ ಹೆಂಚಿನ ತೈಹೆದಿಯನ್. ಅಂದರೆ ಪರಮ ಸಾಮರಸ್ಯದ ಸಭಾಂಗಣ.

ಜಗಲಿಯೂ ಸೇರಿ ಎತ್ತರ ಸುಮಾರು 35 ಮೀಟರ್. ನಮ್ಮ ಅಪಾರ್ಟ್‌ಮೆಂಟ್‌ಗಳ ಮುಂದೆ ಇದೇನು ಮಹಾ ಅನ್ನಬಹುದು. ಆದ್ರೆ ಮೆಟ್ಟಿಲ ಬುಡದಲ್ಲಿ ನಿಂತು ಕತ್ತೆತ್ತಿದಾಗ ನಾನು ತೀರಾ ಚಿಕ್ಕವನು ಅನ್ನಿಸಿಬಿಡ್ತು.

ಅರಮನೆ ಪೂರ್ತಿಯಾಗಿದ್ದು 1420ರಲ್ಲಿ. ಮರುವರ್ಷವೇ ಈ ಸಭಾಂಗಣ ಬೆಂಕಿಗೆ ಆಹುತಿಯಾಯಿತು. ಆಮೇಲೂ ಸುಡುವುದು, ಕಟ್ಟುವುದು ನಡೆದೇ ಇತ್ತು. ಈಗಿರುವುದು 1690ರ ದಶಕದಲ್ಲಿ ಕಾಂಗ್‌ಶಿ ಚಕ್ರವರ್ತಿ ಕಟ್ಟಿಸಿದ್ದು. 72 ಮರದ ಕಂಬಗಳು ಚಾವಣಿ ಹೊತ್ತಿವೆ. ಬೆಂಕಿಯ ಭಯಕ್ಕೇ ಸುತ್ತಮುತ್ತ ನೀರಿನ ದೊಡ್ಡ ದೊಡ್ಡ ಹಂಡೆಗಳು. ಮಾಡಿನ ಅಂಚಿನಲ್ಲಿ 10 ಪುಟ್ಟ ಪ್ರಾಣಿಗಳ ಸಾಲು. ಅರಮನೆಯ ಬೇರೆ ಯಾವ ಕಟ್ಟಡಕ್ಕೂ ಅಷ್ಟಿಲ್ಲ. ಆಫೀಸಿನಲ್ಲಿ ಕ್ಯಾಬಿನ್ ಅಳತೆ ನೋಡಿ ಹುದ್ದೆ ಗೊತ್ತಾಗುತ್ತಲ್ಲ, ಹಾಗೆ!

ದಿನನಿತ್ಯದ ರಾಜ್ಯಭಾರ ಇಲ್ಲಿ ನಡೆಯುತ್ತಿರಲಿಲ್ಲ. ಪಟ್ಟಾಭಿಷೇಕ, ಚಕ್ರವರ್ತಿಯ ಮದುವೆ, ಹುಟ್ಟುಹಬ್ಬ, ಹೊಸ ವರ್ಷದಂಥ ದಿನಗಳಿಗಷ್ಟೇ ಬಾಗಿಲು ತೆರೆಯುತ್ತಿತ್ತು. ಅಧಿಕಾರಿಗಳು ಅಂಗಳದಲ್ಲಿ ದರ್ಜೆಯ ಪ್ರಕಾರ ಸಾಲಾಗಿ ನಿಂತು, ಮೂರು ಸಲ ಮಂಡಿಯೂರಿ, ಒಂಬತ್ತು ಸಲ ನೆಲಕ್ಕೆ ಹಣೆ ತಾಗಿಸಬೇಕಿತ್ತು.

ಈಗ ಒಳಗೆ ಬಿಡುವುದಿಲ್ಲ. ಬಾಗಿಲಲ್ಲಿ ನೂಕುನುಗ್ಗಲು. ಯಾರದೋ ಮೊಬೈಲ್ ಸಂದಿಯಿಂದ ಚಿನ್ನದ ಬಣ್ಣದ ಸಿಂಹಾಸನ ಕಂಡಿತು. 1908ರ ಡಿಸೆಂಬರ್ ಚಳಿಯಲ್ಲಿ ಅದರ ಮೇಲೆ ಪುಯಿಯನ್ನು ಕೂರಿಸಿದ್ದರು. ಮಗುವಿಗೆ ಇನ್ನೂ ಮೂರು ತುಂಬಿರಲಿಲ್ಲ. ಮನೆಗೆ ಹೋಗ್ಬೇಕು ಅಂತ ಒಂದೇ ಸಮನೆ ಅಳು. ಪಕ್ಕದಲ್ಲಿ ಮಂಡಿಯೂರಿದ್ದ ಅಪ್ಪ ಮಗನನ್ನು ಹಿಡಿದುಕೊಂಡು, ಇನ್ನೇನು ಮುಗಿಯುತ್ತೆ ಎಂದು ಸಮಾಧಾನ ಮಾಡಿದರಂತೆ. ಅದು ಅಪಶಕುನ ಅಂತ ಆಸ್ಥಾನದವರು ಪಿಸುಗುಟ್ಟಿದರು. 1912ರಲ್ಲಿ ಸಾಮ್ರಾಜ್ಯವೇ ಮುಗಿಯಿತು.

ನನಗೆ ನೆನಪಾಗಿದ್ದು ನಮ್ಮ ಪುಟ್ಟಿಯ ಮೊದಲ ಹುಟ್ಟುಹಬ್ಬ. ಬಾಡಿಗೆ ಸಿಂಹಾಸನ, ಚುಚ್ಚುವ ಜರಿ ಲಂಗ, ಇನ್ನೂರು ಜನ. ಬಿಕ್ಕಿ ಬಿಕ್ಕಿ ಅಳುತ್ತಿದ್ದವಳಿಗೆ ನಾನು ಹೇಳಿದ್ದೂ ಅದೇ: “ಇನ್ನೊಂದೇ ಫೋಟೋ, ಮುಗೀತು.”

ರಾತ್ರಿ ವೀಡಿಯೊ ಕಾಲ್ ಮಾಡಿದೆ. “ಅಪ್ಪಂಗೆ ಹಾಡು ಹೇಳೇ” ಅಂತ ಅಮ್ಮ ಒತ್ತಾಯಿಸುತ್ತಿದ್ದರು. ಅವಳು ದಿಂಬಿನಲ್ಲಿ ಮುಖ ಮುಚ್ಚಿಕೊಂಡಳು.

“ಬಿಡಮ್ಮ, ಅವಳಿಗೆ ಬೇಡ ಅಂದ್ರೆ ಬೇಡ” ಅಂದೆ.