ಓಝೋನಿನ ಆಚೆಯ ಬೆಳಕು

ಕಾಳಿದಾಸ ರಸ್ತೆಯ ಗದ್ದಲದಿಂದ ಎರಡು ತಿರುವು ಒಳಗೆ ಬಂದರೆ ಜಯಲಕ್ಷ್ಮಿಪುರದ ನಮ್ಮ ಮನೆ. ಮಹಡಿ ಹತ್ತಿದರೆ ದೂರದಲ್ಲಿ ಚಾಮುಂಡಿ ಬೆಟ್ಟದ ದೀಪಗಳು. ಮೊದಲೆಲ್ಲ ಮಾರ್ಗಶಿರದ ರಾತ್ರಿ ಇಲ್ಲಿಂದ ಕೃತ್ತಿಕೆಯ ಆರು ಚುಕ್ಕಿ ಎಣಿಸುತ್ತಿದ್ದೆ. ಈಗ ಅಂಗಡಿ, ಮಾಲ್‌ಗಳ ಬೆಳಕು ಆಕಾಶಕ್ಕೇ ಸುಣ್ಣ ಬಳಿದ ಹಾಗಿದೆ. ಮೂರು ಕಂಡರೆ ಪುಣ್ಯ. ಮೊಮ್ಮಗಳ ಪಾಲಿಗೆ ಉಳಿದಿರುವ ಆಕಾಶ ಇಷ್ಟೇ ಎಂದು ಒಮ್ಮೊಮ್ಮೆ ಬೇಜಾರಾಗುತ್ತದೆ.

ಅದೃಷ್ಟಕ್ಕೆ ಮಹಾವ್ಯಾಧ ಇನ್ನೂ ಕಾಣುತ್ತದೆ. “ತಾತ, ಕೆಂಪಗಿರೋ ಆರಿದ್ರಾನೇ ಅಲ್ವಾ ಜಾಸ್ತಿ ಬಿಸಿ?” ಎಂದಳು. ಅಲ್ಲ. ಕುಲುಮೆಯ ಕಬ್ಬಿಣ ಮೊದಲು ಕೆಂಪಾಗಿ, ಇನ್ನೂ ಕಾದರೆ ಬೆಳ್ಳಗಾಗುತ್ತದೆ. ಆರಿದ್ರಾ ಸುಮಾರು 3,500 ಡಿಗ್ರಿ, ನೀಲಿಛಾಯೆಯ ರೈಜೆಲ್ ಸುಮಾರು 12,000. ಅಂಥ ಬಿಸಿ ನಕ್ಷತ್ರಗಳು ತಮ್ಮ ಬೆಳಕಿನ ಹೆಚ್ಚಿನ ಪಾಲನ್ನು ನೇರಳಾತೀತ ಕಿರಣಗಳಾಗಿ ಬೀರುತ್ತವೆ.

ನೇರಳಾತೀತ ನನಗೆ ಹಳೆಯ ಪರಿಚಯ. ಬ್ಯಾಂಕಿನಲ್ಲಿ ಅನುಮಾನದ ನೋಟನ್ನು ಆ ದೀಪದ ಕೆಳಗೆ ಹಿಡಿಯುತ್ತಿದ್ದೆವು. ಅಸಲಿಯಾದರೆ ಸಂಖ್ಯೆಗಳು, ಕಾಗದದೊಳಗಿನ ಸಣ್ಣ ಎಳೆಗಳು ಹೊಳೆಯುತ್ತವೆ. ನಕ್ಷತ್ರಕ್ಕೆ ನಾವು ದೀಪ ಹಿಡಿಯಬೇಕಾಗಿಲ್ಲ, ಅದೇ ಬೀರುತ್ತದೆ. ತೊಡಕೆಂದರೆ ಆ ಕಿರಣಗಳಲ್ಲಿ ಬಹುಪಾಲನ್ನು ಓಝೋನ್ ಪದರ ಮೇಲೆಯೇ ತಡೆಯುತ್ತದೆ. ತಡೆಯುವುದರಿಂದಲೇ ನಾವು ಬದುಕಿದ್ದೇವೆ, ದೂರುವಂತಿಲ್ಲ. ಹಾಗಾಗಿ ದೂರದರ್ಶಕವೇ ಮೇಲೆ ಹೋಗಬೇಕು.

ಅಂಥದೊಂದು ಸಿದ್ಧವಾದದ್ದು ನಮ್ಮ ಹೊಸಕೋಟೆಯಲ್ಲಿ. ಕೋಲಾರದ ಬಸ್ಸಿನಲ್ಲಿ ಆ ಊರು ದಾಟುವಾಗ ನಾನು ನೋಡುತ್ತಿದ್ದದ್ದು ಕಡಲೆಕಾಯಿಯವನನ್ನು ಮಾತ್ರ. ಅಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೊಫಿಸಿಕ್ಸ್‌ನವರ ಪ್ರಯೋಗಾಲಯವಿದೆ. ಧೂಳಿಲ್ಲದ ಕೋಣೆಯಲ್ಲಿ ಜೋಡಿ ದೂರದರ್ಶಕಗಳನ್ನು ಜೋಡಿಸಿದರು. ಕನ್ನಡಿಗಳ ಅಗಲ 37.5 ಸೆಂಟಿಮೀಟರ್, ಊಟದ ತಟ್ಟೆಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಸಂವೇದಕಗಳಿಗೆ ಕೆನಡಾದ ನೆರವಿತ್ತು. 2015ರ ಸೆಪ್ಟೆಂಬರ್ 28ರಂದು ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿ ಅದು ಶ್ರೀಹರಿಕೋಟಾದಿಂದ ಏರಿತು. ಮೇಲೆ ಹೋದ ಕೂಡಲೇ ಕಣ್ಣು ತೆರೆಯಲಿಲ್ಲ! ಉಪಗ್ರಹದಿಂದ ಹೊರಬರುವ ಆವಿ ಕನ್ನಡಿಗೆ ತೆಳುವಾಗಿ ಅಂಟಿದರೂ ನೇರಳಾತೀತ ಕಿರಣ ಹೀರಿಹೋಗುತ್ತದೆ. ಅದಕ್ಕೇ ಎರಡು ತಿಂಗಳು ಬಾಗಿಲು ಮುಚ್ಚಿಟ್ಟು, ನವೆಂಬರ್ ಕೊನೆಗೆ ತೆರೆದರು.

ಭೂಮಿಯಿಂದ 650 ಕಿಲೋಮೀಟರ್ ಎತ್ತರದಲ್ಲಿ, ಸಮಭಾಜಕದ ಆಸುಪಾಸಿನಲ್ಲೇ ಅದರ ಸುತ್ತಾಟ. ಮೈಸೂರಿನ ನೆತ್ತಿಯ ಮೇಲೆ ಬರುವುದಿಲ್ಲ, ದಕ್ಷಿಣಕ್ಕೆ ಹಾದುಹೋಗುತ್ತದೆ.

2018ರಲ್ಲಿ ಸಮೀಪದ ನೇರಳಾತೀತವನ್ನು ನೋಡುವ ಭಾಗ ನಿಂತುಹೋಯಿತು. ದೂರದ ನೇರಳಾತೀತವನ್ನು ನೋಡುವ ಭಾಗ ದುಡಿಮೆ ಮುಂದುವರಿಸಿತು. ಒಂದು ಕಣ್ಣಿನ ಪೊರೆ ತೆಗೆಸಿ ಇನ್ನೊಂದಕ್ಕೆ ಕಾಯುತ್ತಿರುವ ನನಗೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ಅದೇ ಭಾಗ 2016ರ ಅಕ್ಟೋಬರ್‌ನಲ್ಲಿ ಆಕಾಶದ ಒಂದು ಚೂರನ್ನು 28 ಗಂಟೆಗೂ ಹೆಚ್ಚು ದಿಟ್ಟಿಸಿತ್ತು. ಪುಣೆಯ ಕನಕ್ ಸಾಹಾ ಮತ್ತು ಸಂಗಡಿಗರು ಆ ದಾಖಲೆಗಳನ್ನು ಜಾಲಾಡಿದರು. ನಮ್ಮ ಹಳೇ ಲೆಡ್ಜರ್ ತಾಳೆ ನೋಡುವ ಕೆಲಸದಂತೆ, ವರ್ಷಗಟ್ಟಲೆ. 2020ರಲ್ಲಿ ಸುದ್ದಿ ಬಂತು: ಒಂದು ಗೆಲಾಕ್ಸಿ ಸಿಕ್ಕಿದೆ. ಅದರ ಬೆಳಕು ಹೊರಟು 930 ಕೋಟಿ ವರ್ಷಗಳಾಗಿವೆ. ಹೊರಟಾಗ ಇನ್ನೂ ತೀಕ್ಷ್ಣವಾಗಿದ್ದ ಆ ಕಿರಣ, ವಿಶ್ವ ಹಿಗ್ಗಿದಂತೆ ತಾನೂ ಹಿಗ್ಗಿ, ಹೊಸಕೋಟೆಯ ಕನ್ನಡಿಗೆ ತಗಲಿತ್ತು. 2.4 ಮೀಟರ್ ಕನ್ನಡಿಯ ಹಬಲ್‌ಗೆ ಅದು ಸಿಕ್ಕಿರಲಿಲ್ಲ.