ಗೋಡೆ ಪಕ್ಕದ ಸಾಲು

2025 ಆಗಸ್ಟ್ 4, ಸೋಮವಾರ

ಪಿಎಚ್‌ಡಿ ಹುಡುಗಿ ಪ್ರಿಂಟ್‌ಔಟ್ ಹಿಡಿದು ಬಂದಳು. ಅಜೋಸ್ಪಿರಿಲಮ್ ಬ್ಯಾಕ್ಟೀರಿಯಾ ಹಾಕಿದ ರಾಗಿ ಕುಂಡಗಳಿಗೂ ಹಾಕದವಕ್ಕೂ ತೆನೆ ತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಪಿ ವ್ಯಾಲ್ಯೂ 0.09.

“ಮೇಡಂ, ಮೇ ಮಳೆಗೆ ಗೋಡೆ ಪಕ್ಕದ ಸಾಲಲ್ಲಿ ನೀರು ನಿಂತಿತ್ತಲ್ಲ, ಅದನ್ನ ಬಿಟ್ರೆ 0.04 ಬರುತ್ತೆ, ವ್ಯತ್ಯಾಸ ಇದೆ ಅನ್ನಬಹುದು.”

ನೀರು ನಿಂತದ್ದು ಸುಳ್ಳಲ್ಲ, ನಾನೇ ನೋಡಿದ್ದೆ. ಆದರೆ ಆ ಸಾಲಿನಲ್ಲಿ ಅಜೋಸ್ಪಿರಿಲಮ್ ಕುಂಡಗಳು ಸೊಗಸಾಗಿ ಬಂದಿದ್ದರೆ ನೀರಿನ ಮಾತನ್ನು ಯಾರು ಎತ್ತುತ್ತಿದ್ದರು? ಎರಡೂ ಲೆಕ್ಕ ಬರೆದು ತಾ ಅಂದೆ. ಮುಖ ಚಿಕ್ಕದು ಮಾಡಿಕೊಂಡಳು. ಡಿಸೆಂಬರಿಗೆ ಫೆಲೋಶಿಪ್ ಮುಗಿಯುತ್ತದೆ. ಪಿಎಚ್‌ಡಿಗೆ ಪೇಪರ್ ಕಡ್ಡಾಯ ಎಂಬ ಷರತ್ತನ್ನು ಯುಜಿಸಿ 2022ರಲ್ಲೇ ತೆಗೆದಿದೆ, ನಿಜ. ಆದರೆ ಕೆಲಸದ ಸಂದರ್ಶನದಲ್ಲಿ ಮೊದಲು ಕೇಳುವುದು ಪೇಪರನ್ನೇ.

ಆಗಸ್ಟ್ 5

ಡೇನಿಯೆಲೆ ಫನೆಲ್ಲಿಯ 2010ರ ಅಧ್ಯಯನವನ್ನು ಮತ್ತೆ ಓದಿದೆ. ಅಮೆರಿಕದ 1,316 ಪೇಪರುಗಳು. ತಲಾವಾರು ಪ್ರಕಟಣೆ ಹೆಚ್ಚಿರುವ ರಾಜ್ಯಗಳಲ್ಲಿ ‘ನಮ್ಮ ಊಹೆ ಸರಿ’ ಎನ್ನುವ ಪೇಪರುಗಳೂ ಹೆಚ್ಚು. ಒತ್ತಡವೇ ಕಾರಣ ಎಂದು ಇಷ್ಟರಿಂದ ಸಾಬೀತಾಗದು. ಜಾಣರೆಲ್ಲ ಅಲ್ಲೇ ಸೇರಿಕೊಂಡಿರಲೂಬಹುದು. ಆದರೂ ಇಟ್ಟ ಊಹೆಯೆಲ್ಲ ನಿಜವಾಗುವಷ್ಟು ಜಾಣರೇ?

ಆಗಸ್ಟ್ 8, ವರಮಹಾಲಕ್ಷ್ಮಿ ಹಬ್ಬ

ಪೂಜೆ ಮುಗಿಸಿ, ಒಬ್ಬಟ್ಟು ತಿಂದು, ಬಡ್ತಿ ಅರ್ಜಿ ತುಂಬಲು ಕೂತೆ. ಯುಜಿಸಿಯ 2018ರ ನಿಯಮದಂತೆ ವಿಜ್ಞಾನದ ಪೇಪರ್ ಒಂದಕ್ಕೆ 8 ಅಂಕ, ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್ ಏರಿದಂತೆ ಹೆಚ್ಚುವರಿ ಅಂಕ. ಏನೂ ಸಿಗಲಿಲ್ಲ ಎಂದು ಬೀರುವಿಗೆ ಸೇರಿದ ಪ್ರಯೋಗಕ್ಕೆ ಕಾಲಂ ಇಲ್ಲ. ಸುಳ್ಳು ಬರೆಯಿರಿ ಎಂದು ಈ ಫಾರಂ ಎಲ್ಲೂ ಹೇಳುವುದಿಲ್ಲ. ಯಾವ ಸಾಲು ಬಿಡಬಹುದು ಎಂದು ನಾವೇ ಹುಡುಕಿಕೊಳ್ಳುತ್ತೇವೆ.

ಆಗಸ್ಟ್ 11, ಸೋಮವಾರ

ವಿಭಾಗದ ಮುಖ್ಯಸ್ಥರು ಎರಡೂ ಲೆಕ್ಕವಿದ್ದ ಟೇಬಲ್ ನೋಡಿ, “ಪರಿಣಾಮ ಇಲ್ಲ ಅನ್ನೋ ಪೇಪರನ್ನ ಯಾರು ಹಾಕ್ಕೋತಾರಮ್ಮ?” ಅಂದರು. ಕೇಳಿದ್ದರಲ್ಲಿ ತಪ್ಪಿಲ್ಲ.

ಹುಡುಗಿಗೆ ರಿಜಿಸ್ಟರ್ಡ್ ರಿಪೋರ್ಟ್ ವಿಷಯ ಹೇಳಿದೆ. ಪ್ರಯೋಗಕ್ಕೆ ಮುಂಚೆಯೇ ಪ್ರಶ್ನೆ, ವಿಧಾನ ನೋಡಿ ಪತ್ರಿಕೆ ಒಪ್ಪಿಕೊಳ್ಳುತ್ತದೆ. ಫಲಿತಾಂಶ ಏನೇ ಬರಲಿ ಅಚ್ಚಾಗುತ್ತದೆ. 2013ರಲ್ಲಿ ‘ಕಾರ್ಟೆಕ್ಸ್’ ಶುರುಮಾಡಿತು. ಮನೋವಿಜ್ಞಾನದಲ್ಲಿ ಹೋಲಿಸಿ ನೋಡಿದಾಗ ಮಾಮೂಲಿ ಪೇಪರುಗಳಲ್ಲಿ 96% ಊಹೆ ಸರಿ, ಈ ಬಗೆಯವುಗಳಲ್ಲಿ 44%. ಕಣ್ಣರಳಿಸಿ ಕೇಳಿಸಿಕೊಂಡು, “ನಮ್ಮ ಕುಂಡಗಳಿಗೆ ಈಗ ಆಗಲ್ಲ ಅಲ್ವಾ ಮೇಡಂ?” ಅಂದಳು.

ಆಗಲ್ಲ. ಎರಡೂ ಪಿ ವ್ಯಾಲ್ಯೂ ಒಂದೇ ಟೇಬಲ್‌ನಲ್ಲಿ ಹೋಗುತ್ತವೆ. ಫೆಲೋಶಿಪ್ ವಿಸ್ತರಣೆಗೆ ಈಗಲೇ ಅರ್ಜಿ ಹಾಕಲು ಹೇಳಿದ್ದೇನೆ.